ಹಸಿ ರೀ

ಮಾರ್ಚ್ 4, ಸೋಮವಾರ

ಇಂದಿನಿಂದ ನನಗೆ ಸೈಟ್ ಡೈರಿ ಇಲ್ಲ. ಕಾಂಕ್ರೀಟ್ ಸೂಪರ್‌ವೈಸರ್ ಆದಾಗಿನಿಂದ ದಿನಾ ಸಂಜೆ ಬರೆಯುತ್ತಿದ್ದೆ. ಎಷ್ಟು ಆಳು ಬಂದರು, ಎಲ್ಲಿ ಕಾಂಕ್ರೀಟ್ ಬಿತ್ತು, ಯಾವ ಲಾರಿ ತಡವಾಯಿತು, ಯಾರು ಯಾರ ಮೇಲೆ ಮುನಿಸಿಕೊಂಡರು, ಎಲ್ಲ. ಇನ್ನು ಅದೆಲ್ಲ ‘ಮಾಡೆಲ್’ಗೆ ಹೋಗುತ್ತದಂತೆ. ಮ್ಯಾನೇಜರು ಕಪಾಟಿನಲ್ಲಿ ಉಳಿದಿದ್ದ ಖಾಲಿ ಡೈರಿಯನ್ನು ನನ್ನ ಕೈಗಿಟ್ಟು, “ಮನೆಗೆ ತಗೊಂಡ್ಹೋಗಿ, ಮೊಮ್ಮಕ್ಕಳು ಗೀಚ್ಕೊಳ್ಲಿ” ಎಂದರು. ಮೊಮ್ಮಕ್ಕಳು ಇನ್ನೂ ಇಲ್ಲ. ಸಂಜೆಯಾದರೆ ಗೀಚದೆ ಇರಲಾರದ ಕೈ ನನ್ನದೇ ಇದೆ. ಇರಲಿ, ನನಗೆ ನಾನೇ ಬರೆದುಕೊಳ್ಳುತ್ತೇನೆ.

ಮಾಡೆಲ್ ಎಂದರೆ ನಾವು ಕಟ್ಟುತ್ತಿರುವ ಗ್ರಂಥಾಲಯವೇ, ಕಂಪ್ಯೂಟರಿನೊಳಗೆ. ಕಂಬ, ತೊಲೆ, ಕಿಟಕಿ, ಬಚ್ಚಲ ಪೈಪು ಸಮೇತ ಎಲ್ಲವೂ ಅದರಲ್ಲಿವೆ. ಯಾವುದನ್ನು ಬೆರಳಿನಿಂದ ಮುಟ್ಟಿದರೂ ಅದರ ಹುಟ್ಟುಚರಿತ್ರೆ ಬಿಚ್ಚಿಕೊಳ್ಳುತ್ತದೆ. ಯಾವತ್ತು ಕಟ್ಟಿದ್ದು, ಯಾವ ಸಿಮೆಂಟು, ಪರೀಕ್ಷೆ ಆಯಿತೇ ಇಲ್ಲವೇ ಎಂದು. ನಾವು ಇಲ್ಲಿ ಕಂಬ ಎತ್ತಿದ ಹಾಗೆ ಅಲ್ಲಿ ಅದರ ಬಣ್ಣ ಬದಲಾಗಬೇಕು. ಬೂದು ಎಂದರೆ ಶುರುವಾಗಿಲ್ಲ. ಹಳದಿ ಎಂದರೆ ಕೆಲಸ ನಡೆಯುತ್ತಿದೆ, ಮುಟ್ಟಬೇಡಿ. ಹಸಿರು ಎಂದರೆ ಮುಗಿದಿದೆ, ಮುಂದಿನವರು ಕೈಹಾಕಬಹುದು. ಮೂರು ತಿಂಗಳು ಪ್ರಯೋಗ. ಮಾಡೆಲ್ಲೂ ಕಟ್ಟಡವೂ ತಾಳೆಯಾದರೆ ಅದನ್ನು ನೋಡಿಕೊಳ್ಳುವವರ ಕೆಲಸ ಕಾಯಂ. ಇಲ್ಲವಾದರೆ ಮಾಡೆಲ್ಲಿಗೂ ನಮಸ್ಕಾರ, ಅವರಿಗೂ ನಮಸ್ಕಾರ.

ಇಷ್ಟೆಲ್ಲ ಬರೆದು ಮುಖ್ಯ ಸಂಗತಿಯನ್ನೇ ಬಿಟ್ಟೆ. ಅದನ್ನು ನೋಡಿಕೊಳ್ಳಲು ಡಿಸೈನ್ ಆಫೀಸಿನಿಂದ ಬಂದಿರುವವಳು ನನ್ನ ಸೊಸೆ.

ಮಾರ್ಚ್ 5, ಮಂಗಳವಾರ

ಮಗನ ಮದುವೆಯಾಗಿ ಆರು ತಿಂಗಳಾಯಿತು. ಇಷ್ಟು ದಿನದಲ್ಲಿ ಸೊಸೆ ನನ್ನೊಡನೆ ಆಡಿದ್ದು ಮೂರೇ ಮಾತು: “ಹೂಂ ಮಾವ”, “ಆಯ್ತು ಮಾವ”, “ಬೇಡ ಮಾವ”. ಒಳ್ಳೆಯ ಹುಡುಗಿ, ತಪ್ಪು ಹುಡುಕುವ ಹಾಗಿಲ್ಲ. ಆದರೆ ನೆಂಟರ ಮನೆಗೆ ಬಂದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ನಾನೂ ಅವಳೆದುರು ಬನಿಯನ್ನಿನಲ್ಲಿ ಓಡಾಡುವುದನ್ನು ಬಿಟ್ಟಿದ್ದೇನೆ, ಸೆಕೆಯಲ್ಲಿ ಬೇಯುತ್ತೇನೆ.

ಅಂಥವಳು ಇಂದು ಬೆಳಿಗ್ಗೆ ಸ್ಕೂಟರಿನ ಹಿಂದೆ ಕೂತು ಒಂದು ಭಾಷಣವನ್ನೇ ಮಾಡಿದಳು.

“ಮಾವ, ತಪ್ಪು ತಿಳ್ಕೋಬೇಡಿ. ಸೈಟಲ್ಲಿ ನಾನು ನಿಮ್ಮ ಸೊಸೆ ಅಂತ ಯಾರಿಗೂ ಗೊತ್ತಾಗೋದು ಬೇಡ. ನಿಮ್ಮ ರಿಪೋರ್ಟೆಲ್ಲ ನನ್ನ ಹತ್ರಾನೇ ಬರುತ್ತೆ. ಒಂದೇ ಮನೆಯವರು ಹಾಗೆ ಇರಬಾರದು ಅಂತ ಕಂಪನಿ ನಿಯಮ ಇದೆ. ಗೊತ್ತಾದ್ರೆ ಪ್ರಯೋಗ ಮುಗಿಯೋಕೆ ಮುಂಚೇನೇ ನನ್ನ ವಾಪಸ್ ಕಳಿಸ್ತಾರೆ. ಆಮೇಲೆ ನನಗೆ ಇನ್ನೊಂದು ಸೈಟ್ ಯಾರು ಕೊಡ್ತಾರೆ?”

ಔಷಧಿ ಅಂಗಡಿಯ ಮೂಲೆಯಲ್ಲಿ ಇಳಿದು ಅಲ್ಲಿಂದ ನಡೆದು ಬಂದಳು. ಗೇಟಿನಲ್ಲಿ ಎದುರಾದಾಗ, “ನಮಸ್ಕಾರ ಮೇಡಂ” ಎಂದೆ. “ನಮಸ್ಕಾರ ರೀ” ಎಂದಳು, ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ. ಇಷ್ಟು ಚೆನ್ನಾಗಿ ನಟಿಸುವವಳು ಮನೆಯಲ್ಲಿ ಏನೇನು ನಟಿಸುತ್ತಾಳೋ!

ಸಂಜೆ ನನ್ನವಳಿಗೆ ಹೇಳಿದೆ. “ನಾಟಕ ನಿಮಗೇನು ಹೊಸದಾ?” ಎಂದಳು. “ನಾನು ಮಾಡಿದ ಅಡುಗೆ ಚೆನ್ನಾಗಿದೆ ಅಂತ ಇಷ್ಟು ವರ್ಷದಿಂದ ಹೇಳ್ತಾನೇ ಇದೀರಲ್ಲ.”

ಮಾರ್ಚ್ 11, ಸೋಮವಾರ

ಇವತ್ತು ತಲೆ ಕೆಟ್ಟಿದೆ.

ನೆಲಮಹಡಿಯ ಕಂಬಗಳು ಹೇಗಿವೆ ಎಂದು ಮೇಡಂ ಕೇಳಿದರು. ಚೆನ್ನಾಗಿವೆ ಎಂದೆ.

“ಚೆನ್ನಾಗಿದೆ ಅಂತ ತುಂಬೋಕೆ ಇದರಲ್ಲಿ ಜಾಗ ಇಲ್ಲ ರೀ. ಎಷ್ಟು ದಿನ ನೀರು ಹಾಕಿದ್ರಿ, ಪರೀಕ್ಷೆ ಫಲಿತಾಂಶ ಎಷ್ಟು, ಅದು ಹೇಳಿ.”

“ನಾನು ನೋಡಿದೀನಿ, ಚೆನ್ನಾಗಿವೆ ಅಂದ್ಮೇಲೆ ಚೆನ್ನಾಗಿವೆ ರೀ.”

“ನೀವು ನೋಡಿದ್ದು ನಿಮ್ಮ ಕಣ್ಣಲ್ಲೇ ಉಳಿದ್ಬಿಟ್ರೆ ನಾಳೆ ಬರೋ ಪ್ಲಂಬರಿಗೆ ಹೇಗ್ರೀ ಕಾಣುತ್ತೆ?”

ಸೆಂಟ್ರಿಂಗ್ ಮೇಸ್ತ್ರಿ ಪಕ್ಕದಲ್ಲೇ ನಿಂತು ಹಲ್ಲು ಕಿರಿದ. ಕಾಂಕ್ರೀಟ್ ಸುರಿಯುವ ಹಲಗೆ ಅಚ್ಚುಗಳನ್ನು ಕಟ್ಟಿ ಬಿಚ್ಚುವವನು ಅವನು. ಬಾಯಿ ದೊಡ್ಡದು, ಸಂಜೆಯೊಳಗೆ ಇಡೀ ಸೈಟಿಗೆ ಸುದ್ದಿ ಹಂಚಿ ಮುಗಿಸಿದ್ದ. ಈ ಮಾಡೆಲ್ ಮೂರು ತಿಂಗಳೂ ಬಾಳದು, ನೋಡಿಯೇಬಿಡೋಣ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಂದುಕೊಂಡದ್ದು ನಿಜ, ಬರೆದುಬಿಡುತ್ತೇನೆ.

ರಾತ್ರಿ ಊಟಕ್ಕೆ ಕೂತಾಗ ನಾನು ಅವಳತ್ತ ನೋಡಲಿಲ್ಲ, ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿಗೆ ಹೋಗಿದ್ದ. ಉಪ್ಪು ನನ್ನವಳ ಕೈಯಿಂದಲೇ ಹಾದು ಹೋಗಬೇಕಾಯಿತು. ಇನ್ನು ಊಟದ ಮುಂದೆ ಸೈಟನ್ನು ತರಬಾರದು ಎಂದು ನನ್ನವಳು ಕಾನೂನು ಮಾಡಿದ್ದಾಳೆ. ಮಾತೇ ಇಲ್ಲದ ಮನೆಗೆ ಈ ಕಾನೂನು ಯಾಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಮಾರ್ಚ್ 14, ಗುರುವಾರ

ಟ್ಯಾಬ್ ಕೊಟ್ಟಿದ್ದಾರೆ. ನನ್ನ ಬೆರಳು ಅದಕ್ಕೆ ಹಿಡಿಸುವುದಿಲ್ಲ, ಸಿಮೆಂಟು ತಿಂದು ಒರಟಾಗಿದೆ. ಐದು ಸಲ ಒತ್ತಿದರೆ ಒಂದು ಸಲ ಕೇಳುತ್ತದೆ.

ಮಾರ್ಚ್ 21, ಗುರುವಾರ

ಓದುವ ಹಾಲ್ ಈ ಕಟ್ಟಡದ ಜೀವ. ನಡುವೆ ಒಂದೂ ಕಂಬವಿಲ್ಲದ ದೊಡ್ಡ ಹಾಲ್. ಜನ ತಲೆ ತಗ್ಗಿಸಿ ಓದುವ ಜಾಗಕ್ಕೆ ತಲೆ ಎತ್ತಿ ನೋಡುವಂಥ ಚಾವಣಿ. ಈ ವರ್ಷದ ಕೊನೆಗೆ ನನ್ನ ನಿವೃತ್ತಿ, ಅಂದರೆ ಇದೇ ನನ್ನ ಕೊನೆಯ ಕಟ್ಟಡ. ಗೋದಾಮು, ಆಫೀಸು, ವಾಹನ ನಿಲ್ಲಿಸುವ ಮಹಡಿ, ಏನೇನೋ ಕಟ್ಟಿದ್ದೇನೆ. ಬಾಗಿಲು ತೆರೆದ ದಿನ ಒಳಗೆ ಹೋಗಿ ಸುಮ್ಮನೆ ಕೂರಬೇಕು ಎನಿಸಿದ್ದು ಇದೊಂದರಲ್ಲೇ. ಬಾಗಿಲು ತೆರೆಯುವ ತನಕ ಇದ್ದುಬಿಟ್ಟರೆ ಸಾಕು.

ಹಾಲಿನ ಸ್ಲ್ಯಾಬನ್ನು ಎರಡು ಭಾಗ ಮಾಡಿ ಹಾಕುತ್ತಿದ್ದೇವೆ. ಕಿಟಕಿ ಕಡೆಯ ಅರ್ಧ ಮೊದಲು, ಮೆಟ್ಟಿಲು ಕಡೆಯ ಅರ್ಧ ಆಮೇಲೆ. ನಾಳೆ ಕಿಟಕಿ ಕಡೆಯದಕ್ಕೆ ಕಾಂಕ್ರೀಟ್ ಎಂದು ಎಲ್ಲ ತಯಾರಾಗಿತ್ತು. ಮಧ್ಯಾಹ್ನ ಸೊಸೆ, ಅಂದರೆ ಮೇಡಂ, ಏದುಸಿರು ಬಿಡುತ್ತ ಮೇಲೆ ಬಂದರು. ಮಾಡೆಲ್ಲಿನಲ್ಲಿ ಮಳೆನೀರಿನ ಪೈಪು ತೊಲೆಯನ್ನು ಹಾದು ಹೋಗುತ್ತದೆ, ಇಲ್ಲಿ ನೋಡಿದರೆ ತೊಲೆಯ ಅಚ್ಚಿನಲ್ಲಿ ತೂತೇ ಬಿಟ್ಟಿಲ್ಲ! ನಾವ್ಯಾರೂ ನೋಡಿರಲಿಲ್ಲ. ಹಾಗೇ ಸುರಿದಿದ್ದರೆ ಆಮೇಲೆ ಗಟ್ಟಿ ತೊಲೆಯನ್ನು ಕೊರೆಯಬೇಕಾಗುತ್ತಿತ್ತು. ಕೊರೆದ ತೊಲೆ ನನ್ನ ಕೊನೆಯ ಕಟ್ಟಡದಲ್ಲಿ! ಮೇಸ್ತ್ರಿ ಸಂಜೆಯೊಳಗೆ ತೂತಿಗೆ ಕೊಳವೆ ಕೂರಿಸಿದ.

ಮನೆಯಲ್ಲಿ ಹೊಗಳೋಣವೆಂದರೆ ನನ್ನವಳ ಕಾನೂನು ಅಡ್ಡ ಬಂತು. ನನ್ನ ಪಾಲಿನ ಸಿಹಿಯನ್ನು ಅವಳ ತಟ್ಟೆಗೆ ಸರಿಸಿದೆ. “ಬೇಡ ಮಾವ” ಎಂದಳು, ತಿಂದಳು.

ಮಾರ್ಚ್ 28, ಗುರುವಾರ

ಈ ಜನಕ್ಕೆ ಎಷ್ಟು ಹೇಳಿದರೂ ಅಷ್ಟೇ. ಕಂಬಿ ಕಟ್ಟುವವರು ಟ್ಯಾಬಿನಲ್ಲಿ ನಿನ್ನೆಯ ಕೆಲಸ ತುಂಬಿಯೇ ಇರಲಿಲ್ಲ. ಕೇಳಿದರೆ, “ಎಲ್ಲ ಚೆನ್ನಾಗಿದೆ ಸಾರ್” ಎನ್ನುತ್ತಾರೆ. ಚೆನ್ನಾಗಿದೆ ಎಂದರೆ ಏನು? ನಾಳೆ ಬರುವವನಿಗೆ ಅದು ಹೇಗೆ ಕಾಣಬೇಕು? ಚೆನ್ನಾಗಿ ಗದರಿಸಿದೆ. ಮೂರು ಜನರನ್ನು ಕೂರಿಸಿಕೊಂಡು ಎಲ್ಲಿ ಒತ್ತಬೇಕು ಎಂದು ತೋರಿಸಿದೆ. ಬೆರಳನ್ನು ಸ್ವಲ್ಪ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ಒತ್ತಿದರೆ ಕೇಳುತ್ತದೆ.

ಸೆಂಟ್ರಿಂಗ್ ಮೇಸ್ತ್ರಿ ಕಣ್ಣು ಹೊಡೆದು, “ಏನ್ ಸಾರ್, ಮೇಡಂ ಅಂದ್ರೆ ಈಗೀಗ ಭಾರೀ ಗೌರವ?” ಎಂದ.

“ಗೌರವ ಅಲ್ಲಯ್ಯ, ಭಯ” ಎಂದು ಬಾಯಿ ಮುಚ್ಚಿಸಿದೆ.

ಏಪ್ರಿಲ್ 4, ಗುರುವಾರ

ಮೆಟ್ಟಿಲು ಕಡೆಯ ಅರ್ಧಕ್ಕೂ ಕಾಂಕ್ರೀಟ್ ಬಿತ್ತು. ಲಾರಿಗಳು ಒಂದರ ಹಿಂದೊಂದು ಹೇಳಿದ ಹೊತ್ತಿಗೆ ಬಂದವು. ಮೇಡಂ ಸ್ಲ್ಯಾಬಿನ ಅಂಚಿನಲ್ಲಿ ನಿಂತು ಪ್ರತಿ ಲಾರಿಯನ್ನೂ ಟ್ಯಾಬಿಗೆ ಏರಿಸಿದರು. ಕೊನೆಗೆ ಅವರ ಹೆಲ್ಮೆಟ್ಟು, ಬೂಟು, ಮೂಗಿನ ತುದಿ ಎಲ್ಲಕ್ಕೂ ಸಿಮೆಂಟು. ಮನೆಗೆ ಬಂದ ಮೇಲೆ ನನ್ನವಳು ನಮ್ಮಿಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ, “ಇಬ್ಬರದ್ದೂ ಬೂಟು ಹೊರಗೇ” ಎಂದು ಗದರಿದಳು. ಒಂದೇ ದನಿಯಲ್ಲಿ ಇಬ್ಬರಿಗೂ ಬೈಗುಳ. ಖುಷಿಯಾಯಿತು, ಯಾಕೋ.

ಏಪ್ರಿಲ್ 9, ಮಂಗಳವಾರ

ಎಲ್ಲರಿಗೂ ವಾಕಿಟಾಕಿ ಬಂದಿದೆ, ಮ್ಯಾನೇಜರಿಂದ ಗೇಟಿನ ಕಾವಲುಗಾರನ ತನಕ. ಕೂಗಿ ಕೂಗಿ ಗಂಟಲು ಕಟ್ಟುವುದು ತಪ್ಪಿತು. ಕ್ಯಾಬಿನ್ನಿಂದ ಮೇಡಂ ಕೇಳುತ್ತಾರೆ, ನಾನು ಇದ್ದಲ್ಲಿಂದಲೇ ಉತ್ತರ ಕೊಡುತ್ತೇನೆ, ಅಲ್ಲಿ ಬಣ್ಣ ಬದಲಾಗುತ್ತದೆ. ಸಂಜೆ ಕಾಂಕ್ರೀಟ್ ಪಂಪಿನ ಗಲಾಟೆಯಲ್ಲೇ ಓದುವ ಹಾಲಿನ ಲೆಕ್ಕ ಒಪ್ಪಿಸಿದೆ. ಕಿಟಕಿ ಕಡೆಯದರ ಪರೀಕ್ಷೆ ಪಾಸಾಗಿದೆ, ಅಚ್ಚು ಬಿಚ್ಚಬಹುದು ಎಂದೆ. ಮೆಟ್ಟಿಲು ಕಡೆದು? ಎಂದರು. ಹಸಿ ರೀ, ಎಂದೆ. ಸರಿ ರೀ, ಎಂದರು. ಇಷ್ಟು ಸಲೀಸಾಗಿ ಕೆಲಸ ಸಾಗಿದ್ದು ನನಗೆ ನೆನಪಿಲ್ಲ. ನನಗೆ ಖುಷಿ, ಅವಳಿಗೂ ಖುಷಿ. ಸ್ಕೂಟರಿನ ಹಿಂದೆ ಕೂತು ಏನೋ ಹಾಡು ಗುನುಗುತ್ತಿದ್ದಳು, ನಾನು ಕೇಳಿಸದ ಹಾಗೆ ಇದ್ದೆ.

ಏಪ್ರಿಲ್ 10, ಬುಧವಾರ

ರಾತ್ರಿ ಬಹಳ ಹೊತ್ತಾಗಿದೆ. ಆದರೂ ಬರೆಯುತ್ತೇನೆ.

ಸೆಂಟ್ರಿಂಗ್ ಮೇಸ್ತ್ರಿ ತಂಗಿಯ ಮನೆಗೆಂದು ಎರಡು ದಿನ ರಜೆ ಹಾಕಿದ್ದ. ಬೆಳಿಗ್ಗೆ ಅವನ ಆಳುಗಳು ಟ್ಯಾಬ್ ನೋಡಿಕೊಂಡು ಹಾಲಿನ ಕೆಳಗೆ ಕೆಲಸ ಶುರು ಮಾಡಿದರು. ಚಾವಣಿಯನ್ನು ಹೊತ್ತು ನಿಂತ ಕಬ್ಬಿಣದ ಜಾಕಿಗಳನ್ನು ಒಂದೊಂದೇ ಸಡಿಲಿಸಿ ತೆಗೆಯುವ ಕೆಲಸ. ನಾನು ಮೆಟ್ಟಿಲ ಬಳಿ ಮರಳಿನ ಲಾರಿಯವನೊಡನೆ ಜಗಳವಾಡುತ್ತಿದ್ದೆ. ಒಳಗಿಂದ ಸುತ್ತಿಗೆಯ ಸದ್ದು ಕೇಳುತ್ತಿತ್ತು, ಕಿಟಕಿ ಕಡೆಯದನ್ನು ಬಿಚ್ಚುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದೆ.

ಆಗ ಹೆಗಲ ಮೇಲಿನ ವಾಕಿಟಾಕಿ ಕಿರುಚಿತು.

“ಮಾವಾ! ಹಾಲಲ್ಲಿ ಬಿಚ್ಚೋದು ನಿಲ್ಸಿ! ಮೆಟ್ಟಿಲು ಕಡೆದು ಮುಟ್ಟಬಾರದು! ಮಾವಾ, ಕೇಳಿಸ್ತಾ? ಮಾವಾ!”

ಓಡಿದೆ. ಈ ಮೊಣಕಾಲು ಇಟ್ಟುಕೊಂಡು ಹೇಗೆ ಓಡಿದೆನೋ ಗೊತ್ತಿಲ್ಲ. ಒಳಗೆ ನೋಡಿದರೆ ಆಳುಗಳು ಕಿಟಕಿ ಕಡೆಯ ಅರ್ಧವನ್ನು ಮುಗಿಸಿ ಮೆಟ್ಟಿಲು ಕಡೆಗೆ ದಾಟಿಬಿಟ್ಟಿದ್ದರು. ಹೋದ ವಾರವಷ್ಟೇ ಸುರಿದ ಸ್ಲ್ಯಾಬಿನ ಕೆಳಗೆ ನಿಂತು ಜಾಕಿ ಸಡಿಲಿಸುತ್ತಿದ್ದರು! “ಕೈ ತೆಗೀರೋ!” ಎಂದು ಕೂಗಿದ ಕೂಗಿಗೆ ಒಬ್ಬನ ಕೈಯಿಂದ ಸುತ್ತಿಗೆ ಬಿತ್ತು. ಎಲ್ಲರನ್ನೂ ಹೊರಗೆ ಅಟ್ಟಿದೆ. ಎಂಜಿನಿಯರು ಬಂದು ನೋಡಿ, ಸಡಿಲಾದದ್ದು ಅಂಚಿನ ಕೆಲವೇ ಜಾಕಿಗಳು ಎಂದರು. ಅವರೆದುರೇ ಅವನ್ನು ಮತ್ತೆ ಬಿಗಿ ಮಾಡಿಸಿದೆ. ಉಪಕರಣವಿಟ್ಟು ಮಟ್ಟ ಅಳೆದರು. ಚಾವಣಿ ಕೂದಲೆಳೆಯಷ್ಟೂ ಕುಸಿದಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಅವಳಿಗೆ ಗೊತ್ತಾದದ್ದು ಮಾಡೆಲ್ಲಿನಿಂದಲೇ. ಬೆಳಿಗ್ಗೆ ಹಸಿರಾದ ಭಾಗಗಳಿಗೆಲ್ಲ ಪರೀಕ್ಷೆಯ ಕಾಗದ ಸೇರಿಸುತ್ತ ಕೂತಿದ್ದಳಂತೆ. ಮೆಟ್ಟಿಲು ಕಡೆಯದಕ್ಕೆ ಕಾಗದವೇ ಇಲ್ಲ, ಸುರಿದ ತಾರೀಖು ನೋಡಿದರೆ ಮೊನ್ನೆ ಮೊನ್ನೆಯದು. ಅದೇ ಹೊತ್ತಿಗೆ ಸುತ್ತಿಗೆಯ ಸದ್ದು ಕಿವಿಗೆ ಬಿದ್ದಿದೆ.

ಕ್ಯಾಬಿನ್ ಮೆಟ್ಟಿಲ ಮೇಲೆ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು. ನೀರು ಕೊಟ್ಟೆ.

“ನೀವೇ ಹೇಳಿದ್ರಲ್ಲ ಮಾವ, ಹಸಿರು ಅಂತ” ಎಂದಳು.

“ನಾನೆಲ್ಲಿ ಹೇಳಿದೆ? ಹಸಿ ಅಂದೆ. ಹಸಿ ರೀ, ಅಂದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯಲ್ಲಾಗಿದ್ದರೆ ‘ಹಸಿ ಕಣಮ್ಮ’ ಎನ್ನುತ್ತಿದ್ದೆ. ಆಗ ಅದು ಯಾವ ಪಂಪಿನ ಗಲಾಟೆಯಲ್ಲೂ ಹಸಿರು ಎಂದು ಕೇಳುತ್ತಿರಲಿಲ್ಲ. ಮರ್ಯಾದೆಗೆಂದು ಅಂಟಿಸಿದ ಒಂದು ‘ರೀ’ ಇಡೀ ಚಾವಣಿಯನ್ನು ಬೀಳಿಸುತ್ತಿತ್ತು. ಅವಳಿಗೆ ಅಳು ಬಂತು, ಜೊತೆಗೇ ನಗುವೂ ಬಂತು. ನನಗೂ.

ಆಮೇಲೆ ತಲೆ ಎತ್ತಿ ನೋಡಿದರೆ ಎದುರಿಗೆ ಮ್ಯಾನೇಜರು, ಅವರ ಹಿಂದೆ ಅರ್ಧ ಸೈಟು. ಎಲ್ಲರ ಕೈಯಲ್ಲೂ ವಾಕಿಟಾಕಿ.

“ಯಾರಿಗೆ ಯಾರು ಮಾವ?” ಎಂದರು ಮ್ಯಾನೇಜರು.

ಏಪ್ರಿಲ್ 11, ಗುರುವಾರ

ವಿಚಾರಣೆ. ತಪ್ಪು ನನ್ನದು ಎಂದೆ. ನನ್ನದು ಎಂದು ಅವಳು ಹಟ ಹಿಡಿದಳು. “ತಪ್ಪು ನಂದಲ್ಲ ಅಂತ ಜಗಳ ಆಡೋರನ್ನ ನೋಡಿದೀನಿ. ನಂದು ನಂದು ಅಂತ ಕಿತ್ತಾಡೋರನ್ನ ಇವತ್ತೇ ನೋಡಿದ್ದು” ಎಂದರು ಮ್ಯಾನೇಜರು. ‘ಹಸಿ ರೀ’ ಕತೆ ಕೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಇನ್ನು ಮೇಲೆ ಬಾಯಿಮಾತಿನ ಮೇಲೆ ಬಣ್ಣ ಬದಲಿಸಬಾರದು, ಪರೀಕ್ಷೆಯ ಕಾಗದವಿಲ್ಲದೆ ಮಾಡೆಲ್ ಹಸಿರನ್ನು ಒಪ್ಪಲೇಬಾರದು ಎಂದು ತೀರ್ಮಾನವಾಯಿತು. ಅದನ್ನು ಸೂಚಿಸಿದವಳು ಅವಳೇ, ಮಧ್ಯಾಹ್ನದೊಳಗೆ ಮಾಡಿಯೂ ಮುಗಿಸಿದಳು.

ನಗು ಮುಗಿದ ಮೇಲೆ ಅವಳನ್ನು ಹೊರಗೆ ಕಳಿಸಿ ನನಗೆ ಹೇಳಿದರು. “ಸಂಬಂಧ ಬಚ್ಚಿಟ್ಟಿದ್ದು ಮೇಲಿನವರಿಗೆ ಗೊತ್ತಾಗಿದೆ. ಇಬ್ಬರಲ್ಲಿ ಒಬ್ಬರು ಈ ಸೈಟ್ ಬಿಡಲೇಬೇಕು. ನೀವು ಹಳಬರು, ನಿಮ್ಮನ್ನ ಯಾರೂ ಅಲ್ಲಾಡಿಸಲ್ಲ. ಆ ಹುಡುಗಿ ಪ್ರಯೋಗದ ಮೇಲಿದಾಳೆ. ಸೋಮವಾರ ವಾಪಸ್ ಕಳಿಸ್ಬೇಕಾಗುತ್ತೆ.”

“ಮಾಡೆಲ್ ಯಾರು ನೋಡ್ಕೋತಾರೆ?” ಎಂದು ಕೇಳಿದೆ.

“ಮೊದಲಿನ ಹಾಗೆ ನೀವು ಡೈರಿ ಬರೀರಿ. ನಿಮಗೂ ಅದೇ ಇಷ್ಟ ಅಲ್ವಾ?”



ಏಪ್ರಿಲ್ 12, ಶುಕ್ರವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಹಾಲಿನಲ್ಲಿ ಒಂದು ಸುತ್ತು ಹಾಕಿದೆ. ಕಿಟಕಿ ಕಡೆಯ ಚಾವಣಿ ಅಚ್ಚು ಕಳಚಿ ನುಣ್ಣಗೆ ಕಾಣುತ್ತಿದೆ, ಒಂದು ಗುಳಿಯೂ ಇಲ್ಲ. ಆಮೇಲೆ ಮ್ಯಾನೇಜರ ಕ್ಯಾಬಿನ್ನಿಗೆ ಹೋದೆ.

ಮನೆಯಲ್ಲಿ ಇನ್ನೂ ಹೇಳಿಲ್ಲ.

ಏಪ್ರಿಲ್ 15, ಸೋಮವಾರ

ಅವಳನ್ನು ವಾಪಸ್ ಕಳಿಸಲಿಲ್ಲ. ನಿಯಮ ಸಡಿಲಿಸಿದರೇನೋ ಎಂದು ನನ್ನವಳ ಹತ್ತಿರ ಹೇಳುತ್ತಿದ್ದಳು. ಸೈಟಿನಲ್ಲಿ ಈಗ ಎಲ್ಲರೂ ನನ್ನನ್ನು ಮಾವ ಎನ್ನುತ್ತಾರೆ, ಸೆಂಟ್ರಿಂಗ್ ಮೇಸ್ತ್ರಿಯಂತೂ ನನಗಿಂತ ಎರಡೇ ವರ್ಷಕ್ಕೆ ಚಿಕ್ಕವನು! “ಮಾವ, ಟೀ ಕುಡೀತೀರಾ?” ಎನ್ನುತ್ತಾನೆ. ನಾಲ್ಕು ದಿನದ ಮಟ್ಟಿಗೆ ತಾನೇ ಎಂದು ಸುಮ್ಮನಿದ್ದೇನೆ. ಹೊಸದಾಗಿ ಬರುವ ಸೂಪರ್‌ವೈಸರಿಗೆಂದು ಹಾಲಿನ ಎಲ್ಲ ವಿವರಗಳನ್ನೂ ಮಾಡೆಲ್ಲಿಗೆ ತುಂಬುತ್ತಿದ್ದೇನೆ. ನಾನು ನೋಡಿದ್ದು ನನ್ನ ಕಣ್ಣಲ್ಲೇ ಉಳಿಯಬಾರದು.

ಏಪ್ರಿಲ್ 19, ಶುಕ್ರವಾರ

ಇಂದು ಮಧ್ಯಾಹ್ನ ನೋಟಿಸು ಹಚ್ಚಿದರು. ನಾನು ನಗರದಾಚೆಯ ಗೋದಾಮಿನ ಸೈಟಿಗೆ, ಸೋಮವಾರದಿಂದ, ‘ಸ್ವಂತ ಕೋರಿಕೆಯ ಮೇರೆಗೆ’. ಮನೆಯೊಳಗೆ ಕಾಲಿಟ್ಟದ್ದೇ ತಡ, ಸೊಸೆ ಹೆಲ್ಮೆಟ್ಟನ್ನು ಸೋಫಾದ ಮೇಲೆ ಎಸೆದಳು.

“ಯಾರನ್ನ ಕೇಳಿ ಬರ್ಕೊಟ್ರಿ?”

“ಗೋದಾಮು ಮನೆಗೆ ಹತ್ರ ಅಂತ...” ಎಂದೆ.

“ಎಲ್ಲಿ ಹತ್ರ? ಎರಡು ಬಸ್ ಬದಲಾಯಿಸ್ಬೇಕು! ಸ್ಕೂಟರಲ್ಲಿ ಅಷ್ಟು ದೂರ ಈ ಮೊಣಕಾಲಲ್ಲಿ ಹೋಗ್ತೀರಾ? ಅದು ನಿಮ್ಮ ಹಾಲ್ ಮಾವ! ಇನ್ನು ಎಂಟು ತಿಂಗಳು ಇದ್ದಿದ್ರೆ ಬಾಗಿಲು ತೆಗೆಯೋದನ್ನ ನೋಡ್ತಿದ್ರಿ. ನನಗೆ ಇನ್ನೂ ನೂರು ಕಟ್ಟಡ ಇವೆ. ನಾನು ವಾಪಸ್ ಹೋಗ್ತಿದ್ದೆ, ಇನ್ನೊಂದು ಕೆಲಸ ಹುಡುಕ್ತಿದ್ದೆ. ನನಗೆ ಒಂದು ಮಾತು ಹೇಳ್ಬೇಕು ಅಂತ ಅನ್ನಿಸ್ಲಿಲ್ವಾ ನಿಮಗೆ?”

“ನಿನ್ನ ಮಾಡೆಲ್ ಇಲ್ದೆ ಆ ಕಟ್ಟಡ ಮುಗಿಯುತ್ತಾ? ಸ್ವಲ್ಪ ತಲೆ ಉಪಯೋಗಿಸು!” ನನ್ನ ದನಿಯೂ ಏರಿತ್ತು. “ನಾನಿಲ್ದಿದ್ರೆ ಇನ್ನೊಬ್ಬ ಬಂದು ಕಾಂಕ್ರೀಟ್ ಹಾಕ್ತಾನೆ. ನೀನಿಲ್ದಿದ್ರೆ ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂದ್ಕೊಂಡು ಯಾರ ತಲೆ ಮೇಲಾದ್ರೂ ಬೀಳಿಸ್ತಾರೆ!”

“ನನಗೋಸ್ಕರ ನಿಮ್ಮದನ್ನ ಬಿಟ್ಕೊಡೋಕೆ ನೀವು ಯಾರು?”

“ಯಾರಾ? ನಿನ್ನ ಮಾವ ಕಣೇ!”

ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮನೆಯವರು ಕಿಟಕಿಗೆ ಬಂದರು. ನನ್ನವಳು ಸೌಟು ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಮಗ ನಿದ್ದೆಯಿಂದ ಎದ್ದು ಬಂದು ಕಣ್ಣುಜ್ಜಿಕೊಂಡು, “ಯಾರಿಗೇನಾಯ್ತು?” ಎಂದ. ಸೊಸೆ ಕುರ್ಚಿಯಲ್ಲಿ ಧಪ್ಪೆಂದು ಕೂತಳು, ಬೆನ್ನು ಪೂರ್ತಿ ಒರಗಿಸಿ. ಇನ್ನೂ ಸಿಟ್ಟಿನಲ್ಲೇ ಇದ್ದಳು. “ಗೋದಾಮಿಗೂ ಮಾಡೆಲ್ ಮಾಡ್ಕೊಡ್ತೀನಿ, ತುಂಬದೆ ಇದ್ರೆ ನೋಡಿ” ಎಂದಳು. ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲೇ ಅವಳೆದುರು ಕೂತೆ. ತುಂಬ ಸೆಕೆಯಿತ್ತು.

ಊಟ ಮುಗಿಯುವ ತನಕ ಗೋದಾಮಿನ ಮಾತೇ ಆಡಿದೆವು. ನನ್ನವಳು ತಡೆಯಲಿಲ್ಲ, ಕಂಬ ಎಷ್ಟು ಎತ್ತರ ಎಂದು ತಾನೂ ಕೇಳಿದಳು. ಮನೆಯಲ್ಲಿ ಇಷ್ಟು ದೊಡ್ಡ ಜಗಳ ನಡೆದದ್ದು ಇದೇ ಮೊದಲು. ಒಳ್ಳೆಯ ದಿನ.